ಅಮೆರಿಕದ ನ್ಯಾಷನಲ್ ಪಾರ್ಕ್ ನೋಡೋದು ಹೇಗೆ? ನಮ್ಮ ಉತ್ತರ ಕನ್ನಡದಿಂದ ಹೊರಟವರಿಗೆ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಎಲ್ಲೇ ಹೋಗಿ, ಮಗನೋ ಮಗಳೋ ಅಮೆರಿಕದಲ್ಲಿರುವ ಮನೆ ಕೇರಿಗೊಂದಾದರೂ ಸಿಗುತ್ತದೆ. ಆಯಿ, ಅಪ್ಪ ವೀಸಾ ಮಾಡಿಸಿಕೊಂಡು ಹೋಗುತ್ತಾರೆ, ನಾಲ್ಕೈದು ತಿಂಗಳು ಇರುತ್ತಾರೆ. ಮಕ್ಕಳಿಗೆ ರಜೆ ಸಿಗುವುದು ಮಾತ್ರ ಒಂದೇ ವಾರ. ಆ ಒಂದು ವಾರದಲ್ಲಿ ಐದು ಪಾರ್ಕ್ ತೋರಿಸಿಬಿಡಬೇಕು ಅಂತ ಅವರು ಹಗಲು ರಾತ್ರಿ ಕಾರು ಓಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿಗೆ ಬಂದು ಫೋಟೋ ತೋರಿಸುವಾಗ ಈ ಕೆಂಪು ಕಲ್ಲು ಯಾವ ಪಾರ್ಕಿನದು, ಆ ಕೆಂಪು ಕಲ್ಲು ಯಾವುದರದು ಅಂತ ಯಾರಿಗೂ ನೆನಪಿರುವುದಿಲ್ಲ.

ಅಲ್ಲಿ ಈಗ 63 ನ್ಯಾಷನಲ್ ಪಾರ್ಕ್‌ಗಳಿವೆ. ಎಲ್ಲವನ್ನೂ ನೋಡಲು ಆಗುವುದಿಲ್ಲ, ನೋಡಬೇಕಾಗಿಯೂ ಇಲ್ಲ. ನನ್ನ ಸಲಹೆ ಇಷ್ಟೇ: ಒಂದು ಪಾರ್ಕಿಗೆ ಒಂದು ಸಂಗತಿ ನೋಡಲು ಹೋಗಿ. ಅದು ಹೇಗೆ ಆಯಿತು ಅಂತ ಸ್ವಲ್ಪ ತಿಳಿದುಕೊಂಡು ಹೋಗಿ. ಹೋದ ಮೇಲೆ ಅದರ ಎದುರು ಅರ್ಧ ದಿನವಾದರೂ ಇರಿ. ಹೀಗೆ ನೋಡುವುದನ್ನು ಕಲಿಯಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ. ಕಲ್ಲು, ಗುಹೆ, ಅಬ್ಬಿ, ಉಪ್ಪು, ಅಳಿವೆ, ಕಾಡು ಎಲ್ಲ ಇಲ್ಲೇ ಜಿಲ್ಲೆಯೊಳಗೇ ಇವೆಯಲ್ಲ!

ಹೊರಡುವ ಮೊದಲು ಇಲ್ಲೇ ಒಂದು ಸುತ್ತು

ಸಾಧ್ಯವಾದರೆ ವಿಮಾನ ಹತ್ತುವ ಮೊದಲು ಒಮ್ಮೆ ಯಾಣಕ್ಕೆ ಹೋಗಿ ಬನ್ನಿ. ಹತ್ತು ಸಲ ಹೋಗಿದ್ದರೂ ಈ ಸಲ ಬೇರೆ ಥರ ನೋಡಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಕೆಳಗೆ ನಿಂತು ನಿಮ್ಮನ್ನೇ ಕೇಳಿಕೊಳ್ಳಿ. ಇದು ಯಾವ ಕಲ್ಲು? ಇದನ್ನು ಹೀಗೆ ಕೊರೆದದ್ದು ಮಳೆಯಾ, ಹೊಳೆಯಾ, ಗಾಳಿಯಾ? ಆ ಕೆಲಸ ಈಗಲೂ ನಡೆಯುತ್ತಿದೆಯಾ? ಯಾಣದ್ದು ಕಪ್ಪು ಸುಣ್ಣಕಲ್ಲು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಪ್ರತಿ ಮಳೆಗಾಲದಲ್ಲೂ ಆ ಕೆಲಸ ನಡೆದೇ ಇದೆ.

ಹಾಗೆಯೇ ದಾಂಡೇಲಿ ಕಡೆಯ ಕವಳೆ ಗುಹೆ, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರ, ಹೊನ್ನಾವರದಲ್ಲಿ ಶರಾವತಿ ಅಳಿವೆಯ ಕಾಂಡ್ಲಾ ಕಾಡು. ಈ ಮೂರನ್ನೂ ಇದೇ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದವರಿಗೆ ಅಮೆರಿಕದ ಪಾರ್ಕ್‌ಗಳು ಅರ್ಧ ಅರ್ಥವಾದ ಹಾಗೆಯೇ. ಉಳಿದರ್ಧಕ್ಕೆ ಬೇಕಾದದ್ದು ನಮ್ಮಲ್ಲಿಲ್ಲದ ಎರಡು ವಿಷಯ: ಹಿಮ ಮತ್ತು ನೆಲದೊಳಗಿನ ಬೆಂಕಿ.

ನಮ್ಮ ಕ್ಯಾಲೆಂಡರ್ ಅಲ್ಲಿ ನಡೆಯುವುದಿಲ್ಲ

ಎಲ್ಲರೂ ಎಡವುವುದು ಇಲ್ಲೇ. ಅಬ್ಬಿ ನೋಡಬೇಕು ಅಂದರೆ ನಮ್ಮ ತಲೆಯಲ್ಲಿ ಬರುವುದು ಆಗಸ್ಟ್, ಸೆಪ್ಟೆಂಬರ್. ಜೋಗವೂ ಹಾಗೇ, ಉಂಚಳ್ಳಿಯೂ ಹಾಗೇ, ಮಾಗೋಡೂ ಹಾಗೇ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಇದು ತಲೆಕೆಳಗು. ಅಲ್ಲಿನ ಯೊಸೆಮಿಟಿ ಫಾಲ್ಸ್ ಮೂರು ಹಂತದಲ್ಲಿ ಒಟ್ಟು 739 ಮೀಟರ್ ಬೀಳುತ್ತದೆ, ನಮ್ಮ ಜೋಗದ 253 ಮೀಟರಿನ ಸುಮಾರು ಮೂರು ಪಟ್ಟು. ಆದರೆ ಅದಕ್ಕೆ ನೀರು ಬರುವುದು ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಕರಗಿ. ಮೇ, ಜೂನ್‌ನಲ್ಲಿ ಅಬ್ಬರ. ಆಗಸ್ಟ್ ಹೊತ್ತಿಗೆ ಬಹಳ ವರ್ಷ ಅದು ಒಣಗಿಯೇ ಹೋಗಿರುತ್ತದೆ. ಜುಲೈ ಕೊನೆಯಲ್ಲೋ ಆಗಸ್ಟಿನಲ್ಲೋ ಹೋಗಿ ಬರೀ ಒದ್ದೆ ಕಲ್ಲು ನೋಡಿ ಬರುವವರು ತುಂಬಾ ಜನ. ಆಗ ಹೋಗಲೇಬೇಕು ಅಂತಾದರೆ ಅಬ್ಬಿಯ ಆಸೆ ಬಿಟ್ಟು, ಹಿಮನದಿ ಕೊರೆದು ಬಿಟ್ಟುಹೋದ ಗ್ರಾನೈಟ್ ಗೋಡೆಗಳನ್ನು ನೋಡಲು ಹೋಗಿ. ಎಲ್ ಕ್ಯಾಪಿಟನ್ ಎಂಬ ಗೋಡೆ ಒಂದೇ ಕಣಿವೆಯ ನೆಲದಿಂದ ಸುಮಾರು 900 ಮೀಟರ್ ಎದ್ದು ನಿಂತಿದೆ.

ಯೆಲ್ಲೋಸ್ಟೋನ್‌ನ ಒಳಗಿನ ರಸ್ತೆಗಳು ಹೆಚ್ಚುಕಡಿಮೆ ನವೆಂಬರ್ ಮೊದಲಿನಿಂದ ಏಪ್ರಿಲ್ ಮಧ್ಯದ ತನಕ ಕಾರುಗಳಿಗೆ ಮುಚ್ಚಿರುತ್ತವೆ, ಉತ್ತರದ ಒಂದು ರಸ್ತೆ ಬಿಟ್ಟು. ಕ್ಯಾಲಿಫೋರ್ನಿಯಾದ ಮರುಭೂಮಿ ಡೆತ್ ವ್ಯಾಲಿಗೆ ಹೋಗುವುದಾದರೆ ನವೆಂಬರಿನಿಂದ ಮಾರ್ಚ್. ಫ್ಲಾರಿಡಾದ ಎವರ್‌ಗ್ಲೇಡ್ಸ್‌ಗೆ ಡಿಸೆಂಬರಿನಿಂದ ಏಪ್ರಿಲ್, ಯಾಕೆಂದರೆ ಮಳೆಗಾಲದಲ್ಲಿ ಅಲ್ಲಿನ ಸೊಳ್ಳೆ ತಡೆಯಲು ಆಗುವುದಿಲ್ಲ, ಜೊತೆಗೆ ನೀರು ಎಲ್ಲೆಡೆ ಹರಡಿದ್ದರೆ ಪ್ರಾಣಿಗಳೂ ಚದುರಿಹೋಗುತ್ತವೆ. ಒಣಗಾಲದಲ್ಲಿ ಉಳಿದ ಹೊಂಡಗಳ ಸುತ್ತ ಎಲ್ಲ ಒಟ್ಟಿಗೆ ಸೇರುತ್ತವೆ.

ಮಗ ಅಥವಾ ಮಗಳು ಯಾವ ಊರಿನಲ್ಲಿದ್ದಾರೆ ನೋಡಿ ಪಾರ್ಕ್ ಆರಿಸಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಬೇ ಏರಿಯಾದಲ್ಲಿದ್ದರೆ ಯೊಸೆಮಿಟಿ, ಸಿಕೋಯಾ ಕಾರಿನ ದಾರಿ. ಅಟ್ಲಾಂಟಾದಲ್ಲಿದ್ದರೆ ಗ್ರೇಟ್ ಸ್ಮೋಕಿ ಮೌಂಟನ್ಸ್. ಸಿಯಾಟಲ್‌ನಲ್ಲಿದ್ದರೆ ಒಲಿಂಪಿಕ್. ಹೆಸರು ದೊಡ್ಡದು ಅಂತ ಸುಮ್ನೆ ದೇಶದ ಆ ತುದಿಗೆ ಓಡುವುದಕ್ಕಿಂತ ಹತ್ತಿರದ್ದನ್ನು ಎರಡು ಸಲ, ಎರಡು ಕಾಲದಲ್ಲಿ ನೋಡುವುದು ಜಾಸ್ತಿ ಒಳ್ಳೆಯದು.

ಯಾಣ ನೋಡಿದವರು ಬ್ರೈಸ್ ಕ್ಯಾನ್ಯನ್‌ಗೆ ಹೋಗಿ

ನನ್ನನ್ನು ಕೇಳಿದರೆ ನಮ್ಮ ಕಡೆಯವರು ಬಿಡಬಾರದ ಪಾರ್ಕ್ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್. ಅಲ್ಲಿ ಕಲ್ಲಿನ ಕಂಬಗಳು ಸಾವಿರಾರು. ಅವನ್ನು ಹೂಡೂ ಅಂತ ಕರೆಯುತ್ತಾರೆ. ಕಿತ್ತಳೆ, ಗುಲಾಬಿ, ಬಿಳಿ ಪಟ್ಟೆಪಟ್ಟೆಯಾಗಿ ಒತ್ತೊತ್ತಾಗಿ ನಿಂತಿವೆ. ಅಲ್ಲಿಯೂ ಕಲ್ಲು ಮುಖ್ಯವಾಗಿ ಸುಣ್ಣಕಲ್ಲೇ, ಮಧ್ಯೆ ಮಣ್ಣುಕಲ್ಲಿನ ಪದರಗಳು. ಬಣ್ಣ ಕಬ್ಬಿಣದ್ದು. ನಮ್ಮ ಚಿರೆಕಲ್ಲನ್ನು ಕೆಂಪು ಮಾಡಿದ ಅದೇ ಕಬ್ಬಿಣದ ತುಕ್ಕು.

ಆದರೆ ಕೊರೆದವರು ಬೇರೆ. ಬ್ರೈಸ್‌ನ ಅಂಚು ಸಮುದ್ರಮಟ್ಟದಿಂದ 2,400 ಮೀಟರಿಗೂ ಮೇಲೆ ಇದೆ. ಅಲ್ಲಿ ವರ್ಷದ ಸುಮಾರು ಅರ್ಧದಷ್ಟು ದಿನ ಹಗಲು ಹಿಮ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹಗಲು ಕರಗಿದ ನೀರು ಕಲ್ಲಿನ ಬಿರುಕಿಗೆ ಇಳಿಯುತ್ತದೆ. ರಾತ್ರಿ ಅದು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಬಿರುಕು ಕೂದಲೆಳೆಯಷ್ಟು ಅಗಲವಾಗುತ್ತದೆ. ಮರುದಿನ ಇನ್ನಷ್ಟು ನೀರು, ಇನ್ನಷ್ಟು ಗಡ್ಡೆ. ಹೀಗೆ ಬೆಟ್ಟದ ಅಂಚು ಮೊದಲು ತೆಳು ಗೋಡೆಯಾಗುತ್ತದೆ, ಗೋಡೆಯಲ್ಲಿ ಕಿಟಕಿ ಬೀಳುತ್ತದೆ, ಕಿಟಕಿಯ ಮೇಲ್ಭಾಗ ಕುಸಿದಾಗ ಕಂಬ ಉಳಿಯುತ್ತದೆ. ಕೊನೆಗೆ ಕಂಬವೂ ಬೀಳುತ್ತದೆ.

ನೋಡುವ ಕ್ರಮ ಹೀಗಿರಲಿ. ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಸನ್‌ರೈಸ್ ಪಾಯಿಂಟ್‌ಗೆ ಹೋಗಿ. ಬೆಚ್ಚಗೆ ಹಾಕಿಕೊಳ್ಳಿ, ಬೇಸಿಗೆಯಲ್ಲೂ ಬೆಳಗಿನ ಜಾವ ಚಳಿ ಇರುತ್ತದೆ. ಬೆಳಕು ಬಿದ್ದ ಮೇಲೆ ಅಲ್ಲಿಂದ ಸನ್‌ಸೆಟ್ ಪಾಯಿಂಟ್ ತನಕ ಅಂಚಿನಲ್ಲೇ ನಡೆಯಿರಿ. ದಾರಿ ಒಂದು ಕಿಲೋಮೀಟರೂ ಇಲ್ಲ, ಸಪಾಟಾಗಿದೆ, ಡಾಂಬರು ಹಾಕಿದ್ದಾರೆ, ಮೊಣಕಾಲು ನೋವಿದ್ದವರೂ ನಡೆಯಬಹುದು. ನಡೆಯುತ್ತಾ ಈ ನಾಲ್ಕನ್ನೂ ಹುಡುಕಿ: ಗೋಡೆ ಎಲ್ಲಿದೆ, ಕಿಟಕಿ ಎಲ್ಲಿದೆ, ಕಂಬ ಎಲ್ಲಿದೆ, ಕರಗಿ ದಿಬ್ಬವಾದದ್ದು ಎಲ್ಲಿದೆ. ನಾಲ್ಕೂ ಒಂದೇ ನೋಟದಲ್ಲಿ ಸಿಗುತ್ತವೆ. ಆಮೇಲೆ ಶಕ್ತಿ ಇದ್ದವರು ಕೆಳಗಿಳಿದು ಕಂಬಗಳ ನಡುವೆ ಓಡಾಡಿ ಬರಲಿ. ಇಳಿಯುವುದು ಸುಲಭ, ಹತ್ತುವಾಗ ಆ ಎತ್ತರದ ಗಾಳಿಯಲ್ಲಿ ಉಸಿರು ಸಾಲುವುದಿಲ್ಲ. ಕಾರವಾರದ ಸಮುದ್ರಮಟ್ಟದಲ್ಲಿ ಬದುಕಿದ ಎದೆಗೆ ಮೊದಲ ದಿನ ಇದು ಗೊತ್ತಾಗೇ ಆಗುತ್ತದೆ, ಅದಕ್ಕೇ ಹೋದ ದಿನವೇ ಇಳಿಯಬೇಡಿ.

ಗ್ರ್ಯಾಂಡ್ ಕ್ಯಾನ್ಯನ್: ನೋಡುವುದಲ್ಲ, ನಡೆಯುವುದು

ಅರಿಝೋನಾದ ಗ್ರ್ಯಾಂಡ್ ಕ್ಯಾನ್ಯನ್ ನದಿಯ ಉದ್ದಕ್ಕೆ 446 ಕಿಲೋಮೀಟರ್, ಅಗಲ ಕೆಲವು ಕಡೆ 29 ಕಿಲೋಮೀಟರ್, ಆಳ ಸುಮಾರು 1.6 ಕಿಲೋಮೀಟರ್. ಇಷ್ಟು ದೊಡ್ಡದನ್ನು ಮೊದಲ ಸಲ ನೋಡಿದಾಗ ಕಣ್ಣಿಗೆ ಅಳತೆಯೇ ಸಿಗುವುದಿಲ್ಲ, ಎದುರಿಗೆ ಬಣ್ಣದ ಪರದೆ ಕಟ್ಟಿದ ಹಾಗೆ ಕಾಣುತ್ತದೆ. ಹೆಚ್ಚಿನವರು ಹತ್ತು ನಿಮಿಷ ನೋಡಿ ಫೋಟೋ ತೆಗೆದು ಹೊರಡುವುದು ಇದಕ್ಕೇ. ತಪ್ಪು ಅವರದ್ದಲ್ಲ, ಹೇಗೆ ನೋಡಬೇಕು ಅಂತ ಯಾರೂ ಹೇಳಿರುವುದಿಲ್ಲ.

ಸೌತ್ ರಿಮ್‌ಗೆ, ಅಂದರೆ ಕಣಿವೆಯ ದಕ್ಷಿಣದ ಅಂಚಿಗೆ ಹೋಗಿ. ಅದು ವರ್ಷವಿಡೀ ತೆರೆದಿರುತ್ತದೆ. ಅಲ್ಲಿ ಯಾವಪೈ ಭೂವಿಜ್ಞಾನ ಮ್ಯೂಸಿಯಂ ಇದೆ. ಮೊದಲು ಅದರೊಳಗೆ ಕಿಟಕಿಯ ಹತ್ತಿರ ನಿಂತು ಪದರಗಳ ಹೆಸರು ನೋಡಿಕೊಳ್ಳಿ. ಹೊರಗೆ ಬಂದರೆ 'ಟ್ರೇಲ್ ಆಫ್ ಟೈಮ್' ಅಂತ ಒಂದು ದಾರಿ ಶುರುವಾಗುತ್ತದೆ. ನೆಲದಲ್ಲಿ ಹಿತ್ತಾಳೆಯ ಗುರುತುಗಳನ್ನು ಕೂರಿಸಿದ್ದಾರೆ. ಒಂದು ಮೀಟರ್ ಅಂದರೆ ಹತ್ತು ಲಕ್ಷ ವರ್ಷ. ನೀವು ಒಂದು ಹೆಜ್ಜೆ ಇಟ್ಟರೆ ಹೆಚ್ಚುಕಡಿಮೆ ಅಷ್ಟು ಕಾಲ ಹಿಂದೆ ಹೋದಿರಿ. ಐದಾರು ಹೆಜ್ಜೆಯೊಳಗೆ ಕೊಲರಾಡೊ ನದಿ ಈ ಕಣಿವೆ ಕೊರೆಯಲು ಶುರುಮಾಡಿದ ಕಾಲ ಬಂದುಬಿಡುತ್ತದೆ, ಅಂದರೆ 50-60 ಲಕ್ಷ ವರ್ಷ. ಕಣಿವೆ ಅಷ್ಟೇ ಹೊಸದು! ಕಲ್ಲು ಮಾತ್ರ ಹಳೆಯದು. ನೀವು ನಿಂತಿರುವ ಅಂಚಿನ ಕೈಬಾಬ್ ಸುಣ್ಣಕಲ್ಲು ಒಂದು ಕಾಲದ ಸಮುದ್ರದ ತಳ, ಸುಮಾರು 27 ಕೋಟಿ ವರ್ಷದ್ದು. ಅದನ್ನು ಮುಟ್ಟಲು 270 ಮೀಟರ್ ನಡೆಯಬೇಕು. ಕಣಿವೆಯ ತಳದ ಕಪ್ಪು ಕಲ್ಲನ್ನು ಮುಟ್ಟಲು 1,700 ಮೀಟರಿಗೂ ಜಾಸ್ತಿ. ದಾರಿಯ ಪಕ್ಕ ಆಯಾ ಕಾಲದ ಕಲ್ಲನ್ನು ಕೆಳಗಿನಿಂದ ತಂದು ಇಟ್ಟಿದ್ದಾರೆ. ಕೈಯಿಂದ ಮುಟ್ಟಿ ನೋಡಬಹುದು, ಖಂಡಿತ ಮುಟ್ಟಿ.

ತಳದ ಆ ಕಪ್ಪು ಕಲ್ಲಿಗೆ ವಿಷ್ಣು ಶಿಸ್ಟ್ ಅಂತಲೇ ಹೆಸರು. ಕಣಿವೆಯೊಳಗಿನ ಶಿಖರಗಳಿಗೆ ವಿಷ್ಣು, ಶಿವ, ಬ್ರಹ್ಮ ಅಂತಲೂ ಹೆಸರಿವೆ. ವಿಷ್ಣು ಮತ್ತು ಶಿವ ಹೆಸರು ಇಟ್ಟವರು 19ನೇ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್.

ಇನ್ನೊಂದನ್ನು ಬಿಡಬೇಡಿ. ತಳದ ಕಲ್ಲಿನ ಮೇಲೆ ಕೂತಿರುವ ಮರಳುಕಲ್ಲಿನ ಪದರ ಸುಮಾರು 50 ಕೋಟಿ ವರ್ಷದ್ದು, ಅದರ ಕೆಳಗಿನದು 170 ಕೋಟಿಗೂ ಹಳೆಯದು. ಒಂದರ ಮೇಲೊಂದು ತಾಗಿಕೊಂಡೇ ಇವೆ. ನಡುವಿನ ನೂರು ಕೋಟಿ ವರ್ಷಕ್ಕೂ ಹೆಚ್ಚಿನ ಕಾಲದ ಕಲ್ಲು ಸವೆದು ಹೋಗಿಬಿಟ್ಟಿದೆ. ದುರ್ಬೀನು ಇದ್ದರೆ ಆ ಗೆರೆ ಚೆನ್ನಾಗಿ ಕಾಣುತ್ತದೆ, ರೇಂಜರ್‌ಗಳನ್ನು ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ಇದನ್ನು ಹೇಳುವಾಗ ಒಂದು ಹೆಮ್ಮೆಯ ಮಾತೂ ಹೇಳಿಬಿಡುತ್ತೇನೆ. ನಮ್ಮ ಕಾರವಾರದ ಕಡೆಯ ಗ್ರಾನೈಟ್ ಮತ್ತು 'ನೈಸ್' ಎಂಬ ಜಾತಿಯ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಿಂದಿನವು. ಗ್ರ್ಯಾಂಡ್ ಕ್ಯಾನ್ಯನ್ನಿನ ತಳಕ್ಕಿಂತ ಎಷ್ಟೋ ಹಳೆಯ ನೆಲದ ಮೇಲೆ ನಾವು ದಿನಾ ಓಡಾಡುತ್ತೇವೆ.

ಒಂದೇ ದಿನದಲ್ಲಿ ನದಿಯ ತನಕ ಇಳಿದು ವಾಪಸ್ ಹತ್ತುವ ಸಾಹಸ ಯಾರೂ ಮಾಡಬೇಡಿ, ಗಟ್ಟಿಮುಟ್ಟಾದ ಮಕ್ಕಳಿಗೂ ಬೇಡ ಅನ್ನಿ. ಮೇಲೆ ತಂಪಿದ್ದರೂ ಬೇಸಿಗೆಯಲ್ಲಿ ತಳದಲ್ಲಿ 40 ಡಿಗ್ರಿ ದಾಟುತ್ತದೆ. ಬೆಟ್ಟ ಹತ್ತುವಾಗ ಕಷ್ಟ ಮೊದಲು ಬರುತ್ತದೆ, ಇಲ್ಲಿ ಕಷ್ಟ ಕೊನೆಗೆ ಬರುತ್ತದೆ. ಅಂಚಿನ ಉದ್ದಕ್ಕೆ ಉಚಿತ ಬಸ್ ಓಡುತ್ತದೆ, ಸಂಜೆಗೆ ಅದರಲ್ಲಿ ಹೋಪಿ ಪಾಯಿಂಟ್‌ಗೆ ಹೋದರೆ ಕೆಳಗೆ ನದಿಯೂ ಕಾಣುತ್ತದೆ.

ಯೆಲ್ಲೋಸ್ಟೋನ್: ಕಾಯಲು ಗೊತ್ತಿದ್ದವರಿಗೆ

1872ರ ಮಾರ್ಚ್ 1ರಂದು ಆದದ್ದು ಇದು, ಅಮೆರಿಕದ ಮೊದಲ ನ್ಯಾಷನಲ್ ಪಾರ್ಕ್. ಹೆಚ್ಚಿನ ಭಾಗ ವಯೋಮಿಂಗ್ ರಾಜ್ಯದಲ್ಲಿದೆ. ಬಿಸಿನೀರ ಬುಗ್ಗೆ, ಕುದಿಯುವ ಕೆಸರು, ಹಬೆಯ ಬಿಲ ಎಲ್ಲ ಸೇರಿ 10,000ಕ್ಕೂ ಹೆಚ್ಚು ಇವೆ. ಜಗತ್ತಿನ ಗೀಸರ್‌ಗಳಲ್ಲಿ, ಅಂದರೆ ಆಗಾಗ ಬಿಸಿನೀರನ್ನು ಮೇಲಕ್ಕೆ ಚಿಮ್ಮಿಸುವ ಬುಗ್ಗೆಗಳಲ್ಲಿ, ಅರ್ಧದಷ್ಟು ಇದೊಂದೇ ಪಾರ್ಕಿನಲ್ಲಿವೆ. ಇದೆಲ್ಲ ಒಂದು ದೊಡ್ಡ ಜ್ವಾಲಾಮುಖಿಯ ಮೇಲೆ ಇದೆ. ಅದರ ಕೊನೆಯ ಮಹಾ ಸ್ಫೋಟ ಆದದ್ದು ಸುಮಾರು 6 ಲಕ್ಷ 40 ಸಾವಿರ ವರ್ಷದ ಹಿಂದೆ. ಶಾಖ ಇನ್ನೂ ಆರಿಲ್ಲ.

ಗೀಸರ್ ಚಿಮ್ಮುವುದು ಹೇಗೆ ಅಂತ ತಿಳಿದುಕೊಂಡರೆ ಕಾಯುವುದೇ ಖುಷಿ. ಮಳೆ, ಹಿಮದ ನೀರು ನೆಲದಾಳಕ್ಕೆ ಇಳಿದು ಬಿಸಿ ಕಲ್ಲಿನ ಹತ್ತಿರ ಬಿಸಿಯಾಗುತ್ತದೆ. ಮೇಲಿರುವ ನೀರಿನ ಭಾರದಿಂದ ಕೆಳಗಿನ ನೀರು ಕುದಿಯುವ ಬಿಂದು ದಾಟಿದರೂ ಕುದಿಯುವುದಿಲ್ಲ, ಕುಕ್ಕರಿನೊಳಗೆ ನೀರು 100 ಡಿಗ್ರಿ ದಾಟಿಯೂ ತಡೆದಿರುತ್ತದಲ್ಲ, ಹಾಗೆ. ಮೇಲಿನ ಕೊಳವೆ ಒಂದು ಕಡೆ ಇಕ್ಕಟ್ಟಾಗಿರಬೇಕು. ಗುಳ್ಳೆಗಳು ಸೇರಿ ಸ್ವಲ್ಪ ನೀರು ಹೊರಗೆ ಚೆಲ್ಲಿತು ಅಂದುಕೊಳ್ಳಿ. ಭಾರ ಕಡಿಮೆಯಾಗುತ್ತದೆ. ಆ ಕ್ಷಣಕ್ಕೆ ಕೆಳಗಿನ ನೀರೆಲ್ಲ ಒಮ್ಮೆಗೇ ಹಬೆಯಾಗಿ ಮೇಲಿನದನ್ನು ಎತ್ತಿ ಎಸೆಯುತ್ತದೆ. ಆದ್ದರಿಂದ ಓಲ್ಡ್ ಫೇತ್‌ಫುಲ್ ಎಂಬ ಹೆಸರಾದ ಗೀಸರ್ ಎದುರು ಕೂತಾಗ ಮೊದಲಿನ ಸಣ್ಣ ಸಣ್ಣ ಚೆಲ್ಲುವಿಕೆಯನ್ನು ಗಮನಿಸಿ. ಜನ 'ಓ ಇಷ್ಟೇನಾ' ಅನ್ನುತ್ತಿರುತ್ತಾರೆ. ನೀವು ಫೋನು ಕೆಳಗಿಟ್ಟು ನೋಡುತ್ತಿರಿ.

ಓಲ್ಡ್ ಫೇತ್‌ಫುಲ್ ಈಗ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಎತ್ತರ 32ರಿಂದ 56 ಮೀಟರ್. ಮುಂದಿನದು ಎಷ್ಟು ಹೊತ್ತಿಗೆ ಅಂತ ವಿಸಿಟರ್ ಸೆಂಟರಿನಲ್ಲಿ ಬರೆದು ಹಾಕುತ್ತಾರೆ, ಹತ್ತು ನಿಮಿಷ ಆಚೀಚೆ. ಒಂದು ಸಲ ನೋಡಿ ಎದ್ದುಬಿಡಬೇಡಿ. ಅದರ ಹಿಂದೆ ಫೈರ್‌ಹೋಲ್ ನದಿಯ ಪಕ್ಕ ಹಲಗೆ ದಾರಿಯಲ್ಲಿ ಹೋದರೆ ಕ್ಯಾಸಲ್, ಗ್ರ್ಯಾಂಡ್, ಡೇಸಿ, ರಿವರ್‌ಸೈಡ್ ಅಂತ ಬೇರೆ ಗೀಸರ್‌ಗಳಿವೆ. ಇವುಗಳ ಹೊತ್ತನ್ನೂ ಅಂದಾಜು ಮಾಡಿ ಬರೆದಿರುತ್ತಾರೆ, ಅಲ್ಲಿ ಜನ ಕಡಿಮೆ.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಗೆ ಬೆಳಿಗ್ಗೆ ಹೋಗಬೇಡಿ. ಚಳಿಗೆ ಹಬೆ ಮುಚ್ಚಿಕೊಂಡಿರುತ್ತದೆ, ಏನೂ ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೋಗಿ, ಫೇರಿ ಫಾಲ್ಸ್ ದಾರಿಯ ಕಡೆಯಿಂದ ಗುಡ್ಡ ಹತ್ತಿ ಮೇಲಿನಿಂದ ನೋಡಿ. ಒಂದು ಕಿಲೋಮೀಟರ್ ನಡಿಗೆ. ನಡುವೆ ಗಾಢ ನೀಲಿ, ಸುತ್ತ ಹಳದಿ, ಕಿತ್ತಳೆ, ಕಂದು ಉಂಗುರಗಳು. ನೀಲಿ ಇರುವಲ್ಲಿ ನೀರು ವಿಪರೀತ ಬಿಸಿ, ಹೆಚ್ಚಿನ ಜೀವಿಗಳು ಉಳಿಯಲಾರವು. ಅಂಚಿಗೆ ಬಂದಂತೆ ತಣ್ಣಗಾಗುತ್ತದೆ, ಒಂದೊಂದು ಬಿಸಿಗೆ ಒಂದೊಂದು ಜಾತಿಯ ಸೂಕ್ಷ್ಮಜೀವಿ ಬೆಳೆಯುತ್ತದೆ, ಆ ಬಣ್ಣ ಅವುಗಳದ್ದು. ಇದೇ ಪಾರ್ಕಿನ ಬಿಸಿನೀರಿನಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಕಂಡುಹಿಡಿದ ಒಂದು ಬ್ಯಾಕ್ಟೀರಿಯಾದಿಂದಲೇ ಮುಂದೆ ಪಿಸಿಆರ್ ಪರೀಕ್ಷೆಗೆ ಬೇಕಾದ ಕಿಣ್ವ ಸಿಕ್ಕಿತು. ಕೋವಿಡ್ ಸಮಯದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಪರೀಕ್ಷೆ ಅದೇ.

ಈಗ ಒಂದು ಕಳಕಳಿಯ ಮಾತು. ನೀರು ಕಂಡರೆ ನಾಣ್ಯ ಹಾಕಿ ಕೈಮುಗಿಯುವುದು ನಮ್ಮ ರೂಢಿ. ಅಲ್ಲಿ ದಯವಿಟ್ಟು ಹಾಕಬೇಡಿ. ಮಾರ್ನಿಂಗ್ ಗ್ಲೋರಿ ಅಂತ ಒಂದು ಬುಗ್ಗೆ ಇದೆ. ಒಂದು ಕಾಲದಲ್ಲಿ ಅದು ಪೂರ್ತಿ ನೀಲಿ ಇತ್ತು. ಜನ ಹಾಕಿದ ನಾಣ್ಯ, ಕಸದಿಂದ ಅದರ ಬಾಯಿ ಕಟ್ಟಿಕೊಂಡು ನೀರಿನ ಬಿಸಿ ಇಳಿಯಿತು, ಹಳದಿ, ಕಿತ್ತಳೆ ಜೀವಿಗಳು ಒಳಕ್ಕೆ ಬಂದವು. ಈಗ ನೀಲಿ ನಡುವಿನಲ್ಲಿ ಮಾತ್ರ. ಕೈ ಮುಗಿಯಿರಿ, ಸಾಕು. ಹಲಗೆ ದಾರಿಯಿಂದ ಒಂದು ಹೆಜ್ಜೆಯೂ ಕೆಳಗಿಡಬೇಡಿ, ಮೊಮ್ಮಕ್ಕಳ ಕೈ ಬಿಡಬೇಡಿ. ನೆಲ ಗಟ್ಟಿ ಕಾಣುತ್ತದೆ, ಆದರೆ ತೆಳು ಪೊರೆ, ಕೆಳಗೆ ಕುದಿಯುವ ನೀರು. ಬುಗ್ಗೆಗಳಲ್ಲಿ ಬಿದ್ದು ಇಲ್ಲಿಯ ತನಕ 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಕಾಡುಕೋಣದ ಥರದ ಬೈಸನ್ ರಸ್ತೆ ಪಕ್ಕದಲ್ಲೇ ಮೇಯುತ್ತಿರುತ್ತವೆ. ಅವಕ್ಕೆ ಕನಿಷ್ಠ 23 ಮೀಟರ್, ಕರಡಿ ಮತ್ತು ತೋಳಗಳಿಗೆ 91 ಮೀಟರ್ ದೂರ ಇರಬೇಕು ಅನ್ನುವುದು ಕಾನೂನು. ನಮ್ಮ ಕೊಟ್ಟಿಗೆಯ ಎಮ್ಮೆಯ ಸಲಿಗೆ ಇಲ್ಲಿ ಬೇಡ.

ಉಪ್ಪು, ಮರಳು, ಅಳಿವೆ

ಸಾಣಿಕಟ್ಟಾದಲ್ಲಿ ಉಪ್ಪುನೀರು ನಿಲ್ಲಿಸಿ ಬಿಸಿಲಿಗೆ ಒಣಗಿಸುತ್ತಾರೆ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್‌ನಲ್ಲಿ ಅದೇ ಕೆಲಸ ಯಾರೂ ಮಾಡಿಸದೆ ನಡೆದಿದೆ. ಅದು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಬೆಟ್ಟದಿಂದ ಬಂದ ನೀರಿಗೆ ಹೊರಹೋಗಲು ದಾರಿ ಇಲ್ಲ, ಆವಿಯಾಗುತ್ತದೆ, ಅದು ತಂದ ಉಪ್ಪು ಉಳಿಯುತ್ತದೆ. ಕಾಲಿನ ಕೆಳಗೆ ಉಪ್ಪು ಬಿರಿದು ಆರು ಮೂಲೆ, ಐದು ಮೂಲೆಯ ಆಕಾರ ಆಗಿರುತ್ತದೆ. ಕಾರು ನಿಲ್ಲಿಸುವ ಜಾಗದ ಹತ್ತಿರ ಜನ ತುಳಿದು ಅದು ಅಳಿಸಿಹೋಗಿದೆ, ಸ್ವಲ್ಪ ದೂರ ನಡೆದರೆ ಚೆನ್ನಾಗಿ ಕಾಣುತ್ತದೆ. ಪಾರ್ಕಿಂಗ್ ಕಡೆ ತಿರುಗಿ ಮೇಲಿನ ಬಂಡೆ ನೋಡಿ, ಸಮುದ್ರಮಟ್ಟ ಎಲ್ಲಿ ಬರುತ್ತದೆ ಅಂತ ಫಲಕ ಹಾಕಿದ್ದಾರೆ.

ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕೂಡ ಹೀಗೇ ಹೊರದಾರಿ ಇಲ್ಲದ ಬೋಗುಣಿ. ಅಲ್ಲಿ ಉಳಿದದ್ದು ಜಿಪ್ಸಮ್ ಎಂಬ ಬಿಳಿ ಖನಿಜ. ಜಿಪ್ಸಮ್ ನೀರಿನಲ್ಲಿ ಕರಗುತ್ತದೆ, ಸಾಮಾನ್ಯವಾಗಿ ಹೊಳೆಯ ಜೊತೆ ಸಮುದ್ರ ಸೇರುತ್ತದೆ, ಮರಳಾಗಿ ಉಳಿಯುವುದೇ ಅಪರೂಪ. ಇಲ್ಲಿ 710 ಚದರ ಕಿಲೋಮೀಟರ್ ಬೆಳ್ಳಗೆ ಹರಡಿದೆ. ಮಾಜಾಳಿ ಹತ್ತಿರದ ತಿಳಮಾತಿಯ ಕಪ್ಪು ಮರಳಿನಲ್ಲಿ ಮಧ್ಯಾಹ್ನ ಕಾಲಿಡಲು ಆಗುವುದಿಲ್ಲ ಅಲ್ವಾ? ವೈಟ್ ಸ್ಯಾಂಡ್ಸ್‌ನಲ್ಲಿ ಬಿಸಿಲಿನಲ್ಲೂ ಬರಿಗಾಲಿನಲ್ಲಿ ನಡೆಯಬಹುದು, ಆ ಮರಳು ಕಾಯುವುದಿಲ್ಲ. ಪಕ್ಕದಲ್ಲೇ ಸೇನೆಯ ಕ್ಷಿಪಣಿ ಪರೀಕ್ಷೆಯ ಜಾಗ ಇರುವುದರಿಂದ ಒಮ್ಮೊಮ್ಮೆ ರಸ್ತೆ ಕೆಲವು ಗಂಟೆ ಮುಚ್ಚುತ್ತಾರೆ. ಹೊರಡುವ ಮೊದಲು ನೋಡಿಕೊಳ್ಳಿ.

ಅಘನಾಶಿನಿಯ ಗಜನಿ ಗದ್ದೆ ಗೊತ್ತಿರುವ ಕುಮಟಾದವರಿಗೆ ಎವರ್‌ಗ್ಲೇಡ್ಸ್ ವಿವರಿಸಬೇಕಾಗಿಯೇ ಇಲ್ಲ. ಸಿಹಿನೀರು ಉಪ್ಪುನೀರು ಸೇರುವ ಜಾಗ, ಕಾಂಡ್ಲಾ ಬೇರು, ಅದರ ನಡುವೆ ಮೀನು ಮರಿ, ಮೇಲೆ ಹಕ್ಕಿ. ಹೊಸದೆಂದರೆ ಆಲಿಗೇಟರ್ ಮತ್ತು ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗೆ ಇರುವುದು. ಆನ್‌ಹಿಂಗಾ ಟ್ರೇಲ್ ಅಂತ ಗಾಲಿಕುರ್ಚಿಯೂ ಹೋಗುವ ಸಣ್ಣ ದಾರಿ ಇದೆ, ಅಲ್ಲಿ ಬೆಳಿಗ್ಗೆ ಹೋದರೆ ಸಾಕು.

ಮರಗಳು

ಸಿಕೋಯಾ ಪಾರ್ಕಿನ ಜನರಲ್ ಶೆರ್ಮನ್ ಗಾತ್ರದಲ್ಲಿ ಜಗತ್ತಿನ ಅತಿ ದೊಡ್ಡ ಮರ. ಎತ್ತರ ಸುಮಾರು 84 ಮೀಟರ್, ಬುಡದ ಸುತ್ತಳತೆ ಸುಮಾರು 31 ಮೀಟರ್. ಈ ಮರಗಳಿಗೆ ಬೆಂಕಿ ಬೇಕು, ಅದನ್ನು ತಿಳಿದು ನೋಡಿ. ತೊಗಟೆ ಕೆಲವೆಡೆ ಎರಡು ಅಡಿ ದಪ್ಪ ಇರುವುದರಿಂದ ಸಣ್ಣ ಬೆಂಕಿ ಮರವನ್ನು ಸುಡುವುದಿಲ್ಲ. ಆ ಶಾಖಕ್ಕೆ ಕಾಯಿ ಒಡೆದು ಬೀಜ ಉದುರುತ್ತದೆ, ಸುಟ್ಟು ಖಾಲಿಯಾದ ನೆಲದಲ್ಲಿ ಸಸಿ ಏಳುತ್ತದೆ. ಆದರೆ 2020 ಮತ್ತು 2021ರ ಬೆಂಕಿ ಸಣ್ಣದಾಗಿರಲಿಲ್ಲ, ಸಾವಿರಾರು ದೊಡ್ಡ ಸಿಕೋಯಾಗಳು ಸತ್ತವು. ಜನರಲ್ ಶೆರ್ಮನ್ ಬುಡಕ್ಕೆ ಆಗ ಬೆಂಕಿ ತಡೆಯುವ ಹಾಳೆ ಸುತ್ತಿ ಕಾಪಾಡಿದರು. ಬುಡದ ಸುಟ್ಟ ಕಲೆಗಳನ್ನು ಹುಡುಕಿ, ಒಂದೊಂದು ಕಲೆಯೂ ಆ ಮರ ದಾಟಿ ಬಂದ ಒಂದು ಬೆಂಕಿ. ಮರದ ತನಕ ಇಳಿಜಾರು, ಮೆಟ್ಟಿಲು ಇವೆ. ವಾಪಸ್ ಹತ್ತುವಾಗ ಕೂರಲು ಬೆಂಚು ಇದೆ, ನಿಧಾನಕ್ಕೆ ಬನ್ನಿ.

ಕರಾವಳಿಯ ರೆಡ್‌ವುಡ್ ಬೇರೆ ಮರ, ಎತ್ತರದಲ್ಲಿ ಮೊದಲನೆಯದು. ಹೈಪರಿಯನ್ ಎಂಬ ಮರ ಸುಮಾರು 116 ಮೀಟರ್. ಅದನ್ನು ಹುಡುಕಿಕೊಂಡು ಹೋಗಬೇಡಿ, ಜನ ತುಳಿದು ಬೇರು ಹಾಳಾಗಿ 2022ರಿಂದ ಆ ಜಾಗ ಮುಚ್ಚಿದ್ದಾರೆ, ಹೋದರೆ ದಂಡ. ಬದಲಿಗೆ ಮಂಜು ಮುಸುಕಿದ ಬೆಳಿಗ್ಗೆ ಯಾವುದೇ ರೆಡ್‌ವುಡ್ ತೋಪಿಗೆ ಹೋಗಿ. ಬೇಸಿಗೆಯಲ್ಲಿ ಮಳೆ ಇಲ್ಲದ ಆ ಕಡೆ ಸಮುದ್ರದ ಮಂಜೇ ಮರಕ್ಕೆ ನೀರು. ಎಲೆಯಿಂದ ಹನಿ ತೊಟ್ಟಿಕ್ಕುವುದು ಕೇಳುತ್ತದೆ.

ಶಿರಸಿ ಕಡೆ ಮಳೆಗಾಲ ಹಿಡಿಯುವ ಮೊದಲು ಮಿಂಚುಹುಳ ತುಂಬುತ್ತವಲ್ಲ, ಅದೇ ಹೊತ್ತಿಗೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಗ್ರೇಟ್ ಸ್ಮೋಕಿಯಲ್ಲಿ ಒಂದು ಜಾತಿಯ ಮಿಂಚುಹುಳಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಎಲ್ಕ್‌ಮಾಂಟ್ ಎಂಬಲ್ಲಿ ನೋಡಲು ಲಾಟರಿಯಲ್ಲಿ ಪಾಸ್ ಕೊಡುತ್ತಾರೆ, ಏಪ್ರಿಲ್ ಕೊನೆಯಲ್ಲೇ ಅರ್ಜಿ ಹಾಕಬೇಕು.

ದುಡ್ಡು, ಊಟ, ಮತ್ತೆ ಕೆಲವು

2026ರ ಜನವರಿ 1ರಿಂದ ದರ ಬದಲಾಗಿದೆ. ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸ್ 80 ಡಾಲರ್, ನಿವಾಸಿಗಳಲ್ಲದವರಿಗೆ 250. ಪಾಸ್ ಇಲ್ಲದ ಹೊರದೇಶದವರು ಹೆಚ್ಚು ಜನ ಬರುವ 11 ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್, ಯೊಸೆಮಿಟಿ, ಬ್ರೈಸ್, ಸಿಕೋಯಾ, ಎವರ್‌ಗ್ಲೇಡ್ಸ್ ಎಲ್ಲ ಅದರಲ್ಲಿ ಸೇರಿವೆ. ಅಪ್ಪ ಆಯಿ ಇಬ್ಬರೂ ಹೋಗುವುದಾದರೆ ಮೊದಲೇ ಲೆಕ್ಕ ಹಾಕಿ. ಕೆಲವು ಪಾರ್ಕ್‌ಗಳಿಗೆ ವರ್ಷದ ಕೆಲವು ತಿಂಗಳುಗಳಲ್ಲಿ ಒಳಗೆ ಹೋಗುವ ಸಮಯವನ್ನು ಮೊದಲೇ ಕಾದಿರಿಸಬೇಕು, ಆ ನಿಯಮ ವರ್ಷ ವರ್ಷ ಬದಲಾಗುತ್ತದೆ. ಹೋಗುವ ವಾರ ಪಾರ್ಕಿನ ಸ್ವಂತ ವೆಬ್‌ಸೈಟ್ ನೋಡುವುದೊಂದೇ ದಾರಿ. ಒಳಗೆ ಮೊಬೈಲ್ ನೆಟ್‌ವರ್ಕ್ ಬಹಳ ಕಡೆ ಇರುವುದಿಲ್ಲ, ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಆ್ಯಪಿನಲ್ಲಿ ಆ ಪಾರ್ಕನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಬಾಳೆಕಾಯಿ ಚಿಪ್ಸ್, ತೊಡೆದೇವು ಕಟ್ಟಿಕೊಂಡು ಹೋಗುವುದು ಒಳ್ಳೆಯದೇ, ಒಳಗೆ ನಮ್ಮ ಬಾಯಿಗೆ ಹಿಡಿಸುವ ಊಟ ಕಡಿಮೆ. ಆದರೆ ಯೊಸೆಮಿಟಿಯಲ್ಲಿ ರಾತ್ರಿ ಕಾರಿನೊಳಗೆ ಇಡಬೇಡಿ. ಕರಡಿ ವಾಸನೆ ಹಿಡಿದು ಕಾರಿನ ಬಾಗಿಲು ಕೀಳುತ್ತದೆ. ಕಬ್ಬಿಣದ ಪೆಟ್ಟಿಗೆಗಳಿವೆ, ತಿಂಡಿಯ ಜೊತೆ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯನ್ನೂ ಅದರೊಳಗೇ ಇಡಬೇಕು.

ಊರಿನ ಪಂಚಾಂಗ ಜೊತೆಗಿರಲಿ, ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬ್ರೈಸ್, ಡೆತ್ ವ್ಯಾಲಿಯಲ್ಲಿ ಆಕಾಶಗಂಗೆ ನೋಡಬೇಕಾದರೆ ಅಮಾವಾಸ್ಯೆಯ ಆಸುಪಾಸು ಹೋಗಿ. ಯೊಸೆಮಿಟಿಯಲ್ಲಿ ಏಪ್ರಿಲ್, ಮೇ ತಿಂಗಳ ಹುಣ್ಣಿಮೆಗೆ ಆಕಾಶ ಸ್ವಚ್ಛವಿದ್ದರೆ ಅಬ್ಬಿಯ ತುಂತುರಿನಲ್ಲಿ ಬೆಳದಿಂಗಳ ಕಾಮನಬಿಲ್ಲು ಮೂಡುತ್ತದೆ. ಮೊಮ್ಮಕ್ಕಳಿದ್ದರೆ ವಿಸಿಟರ್ ಸೆಂಟರಿನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ ತೆಗೆದುಕೊಳ್ಳಿ. ಅದರಲ್ಲಿರುವ ಪ್ರಶ್ನೆಗಳನ್ನು ಅಜ್ಜ, ಅಜ್ಜಿ, ಮಕ್ಕಳು ಕೂತು ಬಿಡಿಸಿದರೆ ಪಾರ್ಕಿನ ಮುಖ್ಯ ಸಂಗತಿಗಳೆಲ್ಲ ಅದರಲ್ಲೇ ಬಂದುಬಿಡುತ್ತವೆ, ಮಗುವಿಗೆ ಬ್ಯಾಡ್ಜೂ ಸಿಗುತ್ತದೆ. ಕಲ್ಲು, ಉಪ್ಪು, ಮರಳು, ಪೈನ್ ಕಾಯಿ ಯಾವುದನ್ನೂ ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಳ್ಳಬೇಡಿ, ಅದು ಅಪರಾಧ. ಇಂಗ್ಲಿಷ್ ಬರುವುದಿಲ್ಲ ಅಂತ ರೇಂಜರ್‌ಗಳ ಹತ್ತಿರ ಮಾತಾಡಲು ಹಿಂಜರಿಯಬೇಡಿ. ಮಗಳನ್ನು ಮುಂದೆ ಬಿಟ್ಟುಕೊಂಡು, 'ಇವತ್ತು ಇಲ್ಲಿ ನೋಡಲೇಬೇಕಾದದ್ದು ಯಾವುದು, ಎಷ್ಟು ಹೊತ್ತಿಗೆ' ಅಂತ ಕೇಳಿಸಿ. ಬೆಳಿಗ್ಗೆ ಬೇಗ ಕೇಳಿದರೆ ಅವರಿಗೂ ಸಮಯ ಇರುತ್ತದೆ, ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತಾರೆ.